ಜಾಕೆಟ್ಟಿನ ಊರು ಹುಡುಕಿದ ಉಪಾಧ್ಯಾಯರು

ನಮ್ಮ ಸೇಲಂ ಜಿಲ್ಲೆಯಲ್ಲಿ ಇಂಗ್ಲಿಷ್ ಕಲಿಸಿದವರು ಹಲವರಿದ್ದಾರೆ. ಆದರೆ ಪ್ರತಿಯೊಂದು ಪದವನ್ನೂ ಮನೆಗೆ ಬಂದ ನೆಂಟನಂತೆ ಕೂರಿಸಿ, ‘ಯಾವ ಊರು, ಯಾರ ಕಡೆ?’ ಎಂದು ವಿಚಾರಿಸಿದವರು ಪೂಜ್ಯ ಚೆನ್ನಕೇಶವಯ್ಯನವರೊಬ್ಬರೇ ಎಂದು ನನ್ನ ನಂಬಿಕೆ. ಹರೂರಿನಲ್ಲಿ ಹದಿನೆಂಟು ವರ್ಷ ಪಾಠ ಹೇಳಿ, ಅಣೆಕಟ್ಟು ಏಳುತ್ತಿದ್ದ ದಿನಗಳಲ್ಲಿ ಮೆಟ್ಟೂರಿಗೆ ಬಂದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಸಭೆಯಲ್ಲಿ ಬಾಯಿ ಬಾರದ ನಾನು ಬಿ.ಎ. ಆದದ್ದು ಹೇಗೆಂಬುದನ್ನು ನನ್ನ ದಿನಚರಿಯಿಂದ ತೆಗೆದು ಅವರ ಈ ಅಭಿನಂದನ ಸಂಪುಟಕ್ಕೆ ಬರೆಯುತ್ತಿದ್ದೇನೆ.

ಅದು 1930. ನನಗೆ ಹದಿಮೂರು. ಮೆಟ್ಟೂರಿನ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದೆ. ದೊಡ್ಡ ಹುಡುಗಿಯರು ಜಾಕೆಟ್, ಎಂದರೆ ರವಿಕೆ, ತೊಟ್ಟೇ ಬರಬೇಕೆಂದು ಶಾಲೆಯ ನಿಯಮ. ನಂಗವಳ್ಳಿಯ ನಮ್ಮ ಮನೆಯಲ್ಲೋ, ದೊಡ್ಡವಳಾದ ಹೆಣ್ಣು ಹೊಲಿದ ಬಟ್ಟೆ ತೊಡುವುದು ಕುಲದೇವತೆಗೆ ಆಗದು, ಸೀರೆಯ ಸೆರಗೊಂದೇ. ಅಜ್ಜಿ ಮಾದಮ್ಮ ನನ್ನನ್ನು ಶಾಲೆ ಬಿಡಿಸಿ ಊರಿಗೆ ಕರೆತಂದರು. ಮೂರನೆಯ ದಿನ ಉಪಾಧ್ಯಾಯರೇ ನಮ್ಮ ಜಗಲಿಯಲ್ಲಿದ್ದರು.

“ದೊರೆಸಾನಿ ಉಡುಪು ನಮ್ಗ್ಯಾಕೆ ವಾದ್ಯಾರೆ? ಒಲ ಗೇಯೋರು ನಾವು,” ಎಂದರು ಅಜ್ಜಿ.

“ಒಲ ಗೇಯೋರ್ದೇ ಕಣಮ್ಮ ಅದು! ಫ್ರಾನ್ಸ್ ಅನ್ನೋ ಸೀಮೇಲಿ ರೈತರ್ನೆಲ್ಲ ಜಾಕ್ ಅಂತ ಕರೀತಿದ್ರು, ನಮ್ಮಲ್ಲಿ ತಿಮ್ಮ, ಮಾದ ಅಂದಂಗೆ. ಆ ಜಾಕ್ ತೊಡೋ ಗಿಡ್ಡ ಅಂಗಿಯೇ ಜಾಕೆಟ್ಟು.”

“ಅಂಗಾದ್ರೆ ನಮ್ಮೋರ್ದೇ ಅನ್ನಿ!” ಎಂದು ನಕ್ಕ ಅಜ್ಜಿ ಅಂದೇ ತಮ್ಮ ಹಳೆಯ ಕೆಂಪು ಸೀರೆ ಕತ್ತರಿಸಿ ಹೊಲಿಯಲು ಕುಳಿತರು.

ವಾರ ಕಳೆಯಿತು. ಒಂದು ತೋಳು ಬಾಕಿಯಿತ್ತು. ಬಿಸಿಲಲ್ಲಿ ಮತ್ತೆ ಬಂದ ಉಪಾಧ್ಯಾಯರು ನಿಂತಲ್ಲೇ ಹೇಳಿದರು: “ಅಮ್ಮ, ತಪ್ಪಾಯ್ತು. ನಿಘಂಟು ತಿರುಗಿ ನೋಡ್ದೆ. ‘ಇರಬಹುದು’ ಅಂತಷ್ಟೇ ಐತೆ. ಅರಬರ ಉಕ್ಕಿನ ಕವಚದಿಂದ ಬಂದ ಎಸರು ಅನ್ನೋರೂ ಅವ್ರೆ. ನಾನು ಖಂಡಿತ ಅಂದ್ಬುಟ್ಟೆ.”

ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಗೆದ್ದುಕೊಟ್ಟ ಶಾಲೆಯನ್ನು ಅವರೇ ಕಿತ್ತುಕೊಳ್ಳುತ್ತಿದ್ದರಲ್ಲ!

ಅಜ್ಜಿ ಸೂಜಿ ಕೆಳಗಿಡಲಿಲ್ಲ. “ಸುಳ್ಳಿದ್ರೂ ಇರ್ಬೌದು ಅನ್ನಾಕೆ ಇಷ್ಟ್ ದೂರ ನಡ್ದು ಬಂದ್ರಾ? ಇಂಥೋರ್ ತಾವ ಓದಿದ್ ಎಣ್ಣು ಕೆಡ್ತೈತಾ? ದೇವ್ರಿಗೆ ನಾ ಏಳ್ಕತೀನಿ. ಕುಂತ್ಕಳಿ, ಮಜ್ಜಿಗೆ ಕುಡೀರಿ.”

ಸೋಮವಾರ ಕೆಂಪು ಜಾಕೆಟ್ ತೊಟ್ಟು ಶಾಲೆಗೆ ಹೋದೆ.

ಪುಸ್ತಕದ ಹೊರಹೊದಿಕೆಗೂ ಇಂಗ್ಲಿಷಿನಲ್ಲಿ ಜಾಕೆಟ್ ಎಂದೇ ಹೆಸರು. ಈ ಸಂಪುಟಕ್ಕೂ ಒಂದಿದೆಯೆಂದು ಹೇಳಿದಾಗ, ಇಂದಿಗೂ ಸೆರಗಿನಲ್ಲೇ ಇರುವ ಅಜ್ಜಿ ಕೇಳಿದರು: “ಕೆಂಪ್ದೇ ಆಕ್ಸಿದ್ದೀಯೇನಮ್ಮಿ?” ಹೌದು, ಕೆಂಪನ್ನೇ ಬೇಡಿ ಹಾಕಿಸಿದ್ದೇನೆ. ‘ಇರಬಹುದು’ ಎನ್ನುವ ಧೈರ್ಯ ಕಲಿಸಿದ ಗುರುಗಳು ಇನ್ನೂ ಸಾವಿರ ಪದಗಳ ಊರು ಹುಡುಕುವಷ್ಟು ಕಾಲ ಬಾಳಲಿ. ಇದೊಂದನ್ನು ಮಾತ್ರ ನಾನು ಖಂಡಿತವಾಗಿ ಹೇಳುತ್ತೇನೆ.