ಅಕ್ಕ ಬಸ್ಸು ಕೂಗಿದ್ದು

ಕಂಪ್ಯೂಟರ್ ಆರಿಸುವ ಮೊದಲು ಅದರ ಕೆಂಪು ದೀಪದ ಮಿಣುಕು ನಿಲ್ಲುವ ತನಕ ಕಾಯುವುದು ನನ್ನ ಚಾಳಿ. ಟೈಪ್ ಮಾಡಿದ್ದೆಲ್ಲ ಡಿಸ್ಕಿಗೆ ಇಳಿಯಿತೋ ಇಲ್ಲವೋ ಎಂಬ ಅನುಮಾನ. ಈಗಿನ ಯಂತ್ರಗಳಿಗೆ ಇದೆಲ್ಲ ಬೇಡ ಎಂದು ತಿಳಿದವರು ನಗುತ್ತಾರೆ. ಅವರು ನಮ್ಮ ಹೊಸನಗರದ ಕರೆಂಟು ಕಂಡವರಲ್ಲ. ಇವತ್ತು ಸಂಜೆ ಹಾಗೆ ಕೂತಿದ್ದಾಗ ಹಳೆಯದೊಂದು ದಿನ ನೆನಪಾಯಿತು.

ನನ್ನ ಅಕ್ಕ ಇಲ್ಲಿನ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಕೂಗುತ್ತಿದ್ದವಳು. ಮದುವೆಯಾಗದ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಆಗೆಲ್ಲ ಮಾತು ಅವಳದು, ಹೂಂಗುಟ್ಟುವುದು ನನ್ನದು. ಕೆಲವು ವರ್ಷಗಳ ಹಿಂದೆ ಅವಳ ಗಂಟಲಲ್ಲಿ ಗಂಟಾಯಿತು. ಅದರ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದರು ಡಾಕ್ಟರು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಮಾತಾಡು, ರೆಕಾರ್ಡ್ ಮಾಡುತ್ತೇನೆ ಎಂದೆ. ಅಷ್ಟು ಮಾತಿನವಳಿಗೆ ಆಗ ಮಾತೇ ಹೊರಡಲಿಲ್ಲ. ಕೊನೆಗೆ ಬಸ್ಸು ಕೂಗಿದಳು. "ನಿಟ್ಟೂರು, ಕೊಲ್ಲೂರು ಕಡೆ ಹೋಗೋರು ಹತ್ಕೊಳ್ಳಿ. ಮಾಸ್ತಿಕಟ್ಟೆ ಬಸ್ಸು ಇನ್ನೂ ಬಂದಿಲ್ಲ." ಕೂಗುತ್ತ ಹುರುಪೇರಿ, ತೀರ್ಥಹಳ್ಳಿ ಬಸ್ಸಿನ ಕಂಡಕ್ಟರನ ಜಗಳವನ್ನೂ ಹೇಳಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಸೇವ್ ಮಾಡಿರಲಿಲ್ಲ. ಒಂದು ಮಾತೂ ಉಳಿಯಲಿಲ್ಲ. ನನಗೆ ಅಳು ಬಂತು.

"ಅಳೋದು ಎಂತಕ್ಕೆ? ದನಿ ಇನ್ನೂ ಇದೆಯಲ್ಲ," ಎಂದಳು ಅಕ್ಕ. ಕರೆಂಟು ಬಂದ ಮೇಲೆ ಮೊದಲಿಂದ ಕೂಗಿದಳು. ಈ ಸಲ ಸೇವ್ ಮಾಡಿ, ದೀಪದ ಮಿಣುಕು ನಿಲ್ಲುವ ತನಕ ಅವಳನ್ನು ಸ್ವಿಚ್ಚಿನ ಹತ್ತಿರ ಬಿಡಲಿಲ್ಲ.

"ನನ್ನ ಗಂಟಲಿಗಿಂತ ಆ ದೀಪದ ಚಿಂತೆಯೇ ಹೆಚ್ಚಾಯ್ತು ನಿಂಗೆ," ಎಂದು ನಕ್ಕಳು.

ಅಕ್ಕ ಉಳಿದಳು, ದನಿ ಹೋಯಿತು. ನೋವಾದೀತೆಂದು ನಾನು ಆ ರೆಕಾರ್ಡನ್ನು ಹಾಕಲೇ ಇಲ್ಲ. ಅಷ್ಟೇ ಅಲ್ಲ ನೋಡಿ, ಅವಳೆದುರು ಮಾತಾಡುವುದೇ ಸೊಕ್ಕಿನಂತೆ ಕಂಡು, ಊಟಕ್ಕೂ ಕೈಸನ್ನೆಯಲ್ಲೇ ಕರೆಯತೊಡಗಿದೆ. ಇಬ್ಬರಿರುವ ಮನೆಯಲ್ಲಿ ತಟ್ಟೆ ಲೋಟದ ಸದ್ದಷ್ಟೇ. ಒಬ್ಬಳೇ ಇದ್ದಿದ್ದರೆ ರೇಡಿಯೋವನ್ನಾದರೂ ಹಾಕಿಕೊಳ್ಳುತ್ತಿದ್ದೆನೇನೋ.

ಇವತ್ತು ನಾನು ಹೀಗೆ ಯೋಚಿಸುತ್ತ ಕೂತಿರುವಾಗಲೇ ಅಕ್ಕ ಬಂದು ಭುಜ ತಟ್ಟಿದಳು. ತನ್ನ ಗಂಟಲು ಮುಟ್ಟಿಕೊಂಡು, ಕಂಪ್ಯೂಟರಿನತ್ತ ಬೆರಳು ಮಾಡಿದಳು. ಹೆದರುತ್ತಲೇ ಹಾಕಿದೆ. ದನಿಯ ಜೊತೆಗೆ ಅವಳ ತುಟಿಯೂ ಅಲುಗುತ್ತಿತ್ತು. ಮುಗಿದಾಗ ನನ್ನ ಕಣ್ಣು ಒದ್ದೆ, ಅವಳದಲ್ಲ. ಇನ್ನೊಮ್ಮೆ ಹಾಕಲೇ ಎಂದು ಕೈಯಲ್ಲೇ ಕೇಳಿದೆ. ಅವಳು ಆ ಕೈಯನ್ನು ಹಿಡಿದು ಕೆಳಗಿಟ್ಟಳು. ಮೊಬೈಲಿನಲ್ಲಿ ಬರೆದು ನನ್ನ ಮುಂದೆ ಹಿಡಿದಳು: "ನಂಗೆ ಕಿವಿ ಕೇಳ್ತದೆ ಮಾರಾಯ್ತಿ. ನೀ ಎಂತಕ್ಕೆ ಮಾತು ಬಿಟ್ಟೆ?"

ಅನ್ನಕ್ಕಿಟ್ಟು ಬಂದು, ಎದುರು ಮನೆಯ ನಾಯಿಯ ವಿಷಯದಿಂದ ಶುರುಮಾಡಿದೆ. ತಾಳಗುಪ್ಪದಲ್ಲಿ ರೈಲು ತಪ್ಪಿಸಿಕೊಂಡ ಗೆಳತಿಯ ಕತೆಗೆ ಬರುವಷ್ಟರಲ್ಲಿ ಅಕ್ಕ ಆಕಳಿಸತೊಡಗಿದ್ದಳು. ನಾನು ನಿಲ್ಲಿಸಲಿಲ್ಲ.