ಲಡಾಖಿಗೆಂದು ಮಾಡಿಸಿದ ಪೆಟ್ಟಿಗೆ

ನಮ್ಮ ಮನೆಯಿಂದ ಲಡಾಖಿಗೆ ದಾರಿ ಬಹಳ ಸುಲಭ. ಟಿ. ದಾಸರಹಳ್ಳಿಯ ನಮ್ಮ ಕ್ರಾಸಿನಿಂದ ಹೊರಗೆ ಬಂದು ತುಮಕೂರು ರೋಡು ಸೇರಬೇಕು, ಎಡಕ್ಕೆ ತಿರುಗಬೇಕು, ಆಮೇಲೆ ನೆಟ್ಟಗೆ ಹೋಗುತ್ತಲೇ ಇರಬೇಕು. ತುಮಕೂರು ಬರುತ್ತದೆ, ಹುಬ್ಬಳ್ಳಿ ಬರುತ್ತದೆ, ಪುಣೆ ಬರುತ್ತದೆ. ಅದರಾಚೆ ಏನು ಬರುತ್ತದೆ ಎನ್ನುವುದು ನನಗೂ ಅಣ್ಣನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಮನೆ ಮುಂದಿನ ರೋಡೇ ಅಲ್ಲಿಗೆ ಹೋಗುತ್ತದೆ ಅಂದಮೇಲೆ ಅರ್ಧ ಪ್ರಯಾಣ ಮುಗಿದಂತೆಯೇ ಎಂದು ನಾವಿಬ್ಬರೂ ಗಟ್ಟಿಯಾಗಿ ನಂಬಿದ್ದೆವು.

ಅಣ್ಣ ಪೀಣ್ಯದ ಒಂದು ಫೌಂಡ್ರಿಯಲ್ಲಿ ಗ್ರೈಂಡರ್ ಹಿಡಿಯುತ್ತಾನೆ. ಎರಕ ಹೊಯ್ದ ಕಬ್ಬಿಣದ ತುಂಡುಗಳು ಅಚ್ಚಿನಿಂದ ಒರಟೊರಟಾಗಿ ಬರುತ್ತವೆ. ಅವುಗಳ ಅಂಚನ್ನು ಉಜ್ಜಿ ನಯ ಮಾಡುವುದು ಅವನ ಕೆಲಸ. ಬೆಳಗಿಂದ ಸಂಜೆಯವರೆಗೆ ಕೈಯಲ್ಲಿ ಆ ಮಿಷನ್ನು ಗಡಗಡ ಅದುರುತ್ತಲೇ ಇರುತ್ತದೆ. ನಾನು ಎರಡು ರೋಡು ಆಚೆ ಬೋಲ್ಟು ಮಾಡುವ ಕಡೆ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಯಾರಾದರೂ ಸ್ಪ್ಯಾನರ್ ಕೇಳಿದರೆ ಕೊಡುವುದು, ವಾಪಸ್ ತರದಿದ್ದರೆ ಅವರ ಹಿಂದೆ ಓಡುವುದು. ನಮ್ಮ ಮನೆಯಲ್ಲಿ ಕೆಲಸ ಮಾಡುವವನು ಅವನು, ಕೂಗಾಡುವವನು ನಾನು.

ಕೆಲವು ವರ್ಷಗಳ ಹಿಂದೆ ಚಳಿ ಬಿದ್ದ ಬೆಳಗುಗಳಲ್ಲಿ ಅಣ್ಣನ ಬೆರಳುಗಳು ಸೀಮೆಸುಣ್ಣದ ಹಾಗೆ ಬೆಳ್ಳಗಾಗತೊಡಗಿದವು. ನಾನು ಅದಕ್ಕೆ ಟ್ಯೂಬ್‌ಲೈಟ್ ಕೈ ಎಂದು ಹೆಸರಿಟ್ಟೆ. ಅಣ್ಣನೂ ನಗುತ್ತಿದ್ದ. ಒಂದು ದಿನ ಕಾಫಿ ಲೋಟ ಅವನ ಕೈಯಿಂದ ಬಿತ್ತು. ಮರುದಿನ ಇನ್ನೊಂದು ಬಿತ್ತು. ನಾನು ಸ್ಟೀಲ್ ಲೋಟ ತಂದೆ. ಅದು ಬಿದ್ದರೆ ಒಡೆಯುವುದಿಲ್ಲ, ಸದ್ದು ಮಾತ್ರ ಜಾಸ್ತಿ. ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಅವರು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಅದುರೋ ವಸ್ತು ಏನೂ ಹಿಡೀಬೇಡಿ. ಚಳಿಗೆ ಹೋಗ್ಬೇಡಿ."

"ಗ್ರೈಂಡರ್ ಹಿಡಿಯೋದೇ ನನ್ ಕೆಲ್ಸ ಸಾರ್," ಎಂದ ಅಣ್ಣ.

"ಬೇರೆ ಕೆಲ್ಸ ನೋಡ್ಕೊಳಿ. ಹೋಗಿರೋದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೋದು ಅಷ್ಟೇ."

ಹೊರಗೆ ಬಂದು ಅಣ್ಣ ಎಳನೀರಿನ ಗಾಡಿಯ ಪಕ್ಕ ನಿಂತು ಒಂದು ಎಳನೀರು ಕುಡಿದ. ಆಮೇಲೆ, "ಲೋ, ಬೈಕಲ್ಲಿ ಲಡಾಖ್‌ಗೆ ಹೋಗಣ," ಎಂದ.

"ಡಾಕ್ಟ್ರು ಏನ್ ಹೇಳಿದ್ರು ಕೇಳಿಸ್ತಾ ನಿಂಗೆ?"

"ಕೇಳಿಸ್ತು ಕಣೋ. ಬೆರಳು ಪೂರ್ತಿ ಹೋಗೋಕ್ಮುಂಚೆ ಒಂದ್ಸಲ ಓಡಿಸ್ಬಿಡ್ತೀನಿ. ಆಮೇಲೆ ಹ್ಯಾಂಡಲ್ ಹಿಡಿಯೋದೂ ಕನಸೇ."

ಅದುರುವುದು ಬೇಡ, ಚಳಿ ಬೇಡ ಎಂದು ಡಾಕ್ಟರು ಹೇಳಿದ ಹತ್ತೇ ನಿಮಿಷಕ್ಕೆ ನಮ್ಮಣ್ಣ ಎರಡನ್ನೂ ಹೋಲ್‌ಸೇಲಾಗಿ ಕೊಡುವ ಜಾಗವನ್ನೇ ಹುಡುಕಿದ್ದ. ನಾನು ಬುದ್ಧಿವಂತನಾಗಿದ್ದರೆ ಬೇಡ ಎನ್ನುತ್ತಿದ್ದೆ. ನಾನು "ಡೇರೆ ತರ್ಲಾ?" ಎಂದು ಕೇಳಿದೆ.

ಓಡಿಸುವವನು ಅವನೇ ಆಗಬೇಕಿತ್ತು. ನನಗೆ ಗೇರಿಲ್ಲದ ಸ್ಕೂಟರ್ ಬಿಟ್ಟರೆ ಬೇರೆ ಬರುವುದಿಲ್ಲ. ಹಿಂದೊಮ್ಮೆ ಅಣ್ಣನ ಹಳೆಯ ದೊಡ್ಡ ಬೈಕಿನಲ್ಲಿ ಗೇರ್ ಕಲಿಯಲು ಹೋಗಿ ಇದೇ ಎಳನೀರಿನ ಗಾಡಿಗೆ ನುಗ್ಗಿದ್ದೆ. ಅವತ್ತು ರೋಡಿನಲ್ಲಿ ಉರುಳಿದ ಕಾಯಿಗಳ ನಡುವೆ ನಾನೂ ಒಂದು ಕಾಯಿಯಂತೆ ಮೆಟ್ರೋ ಕಂಬದವರೆಗೆ ಉರುಳಿದೆ. ಎಳನೀರಿನವನು ಈಗಲೂ ನನ್ನನ್ನು ಕಂಡರೆ ಮಚ್ಚು ಮೇಲೆತ್ತಿ ನಮಸ್ಕಾರ ಮಾಡುತ್ತಾನೆ.

ಪೀಣ್ಯದವರಿಗೆ ಉದ್ದನೆಯ ರಜೆ ಸಿಗುವುದು ದಸರೆಗೆ ಮಾತ್ರ. ಆಯುಧಪೂಜೆಯ ದಿನ ಬೈಕಿಗೆ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಹಾಗೇ ಹೊರಟುಬಿಡುವುದು ಎಂದು ತೀರ್ಮಾನವಾಯಿತು.

"ನೀನು ಸ್ಟೋರ್ಸ್‌ನೋನು. ಪ್ಯಾಕಿಂಗ್ ನಿಂದು," ಎಂದ ಅಣ್ಣ.

ಸ್ಟೋರ್ಸಿನವನಿಗೆ ಪ್ಯಾಕಿಂಗ್ ಕೊಡುವುದು ಎಷ್ಟು ದೊಡ್ಡ ತಪ್ಪು ಎಂದು ಅವನಿಗೆ ಗೊತ್ತಿರಲಿಲ್ಲ. ನಮ್ಮ ಕಾಯಿಲೆಯೇ ಬೇರೆ. ಏನನ್ನೇ ನೋಡಿದರೂ 'ಬೇಕಾದ್ರೆ?' ಅನಿಸುತ್ತದೆ. ಚೈನು ಹರಿದರೆ? ಚೈನ್ ತಂದೆ. ಪಂಕ್ಚರ್ ಆದರೆ? ಕಿಟ್ ತಂದೆ, ಪಂಪ್ ತಂದೆ. ಪಂಪೇ ಕೆಟ್ಟರೆ? ಅದಕ್ಕೆ ವಾಷರ್ ತಂದೆ. ದಾರಿಯಲ್ಲಿ ಇಡೀ ಬೈಕೇ ಕಳಚಿ ಬಿದ್ದರೂ ಅಲ್ಲೇ ಕೂತು ಹೊಸದೊಂದನ್ನು ಕಟ್ಟುವಷ್ಟು ಸಾಮಾನು ಸೇರಿತು. ಜೊತೆಗೆ ಚಟ್ನಿಪುಡಿ, ಉಪ್ಪಿನಕಾಯಿ, ಸಣ್ಣ ಕುಕ್ಕರು. ಕುಕ್ಕರಿಗೆ ಇನ್ನೊಂದು ಗ್ಯಾಸ್ಕೆಟ್ಟು. ಕ್ಲಚ್ ಕೇಬಲ್ ಮಾತ್ರ ನಾನು ಯಾಕೋ ತರುತ್ತಲೇ ಇದ್ದೆ. ಅಂಗಡಿಯ ಮುಂದೆ ಹೋದಾಗಲೆಲ್ಲ ಒಂದು ತರುತ್ತಿದ್ದೆ.

"ಇರೋದು ಒಂದೇ ಕ್ಲಚ್ ಕಣೋ," ಎಂದ ಅಣ್ಣ ಒಂದು ದಿನ, ನನ್ನ ಮುಂದಿದ್ದ ಕೇಬಲ್‌ಗಳ ಸುರುಳಿ ನೋಡಿ.

"ಸ್ಮೂತ್ ಇರ್ಲಿ ಅಂತ ಕಣಣ್ಣ. ಒಂದಕ್ಕಿಂತ ಒಂದು ಸ್ಮೂತ್."

ಅವನು ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಡೇರೆ ಕಟ್ಟುವ ಪ್ರಾಕ್ಟೀಸ್ ಟೆರೇಸಿನ ಮೇಲೆ ನಡೆಯಿತು. ಗಾಳಿ ಬಂತು, ಡೇರೆ ಹಾರಿತು, ಹಾರುವಾಗ ಒಣಗಲು ಹಾಕಿದ್ದ ಓನರ್ ಅಜ್ಜಿಯ ಸೀರೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಾನು ಎರಡರೊಳಗೂ ಸಿಕ್ಕಿಕೊಂಡು ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆದೆ. ಓನರ್ ತಾತ ಮೇಲೆ ಬಂದರು. ಅವರು ದಾಸರಹಳ್ಳಿ ಹಳ್ಳಿಯಾಗಿದ್ದಾಗಿನವರು. ಈಗ ನಮ್ಮ ಕಟ್ಟಡ ನಿಂತಿರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ.

"ಏನ್ಲಾ ಇದು? ಮನೆ ಖಾಲಿ ಮಾಡ್ತಾ ಇದೀರಾ? ಯೋಳ್ದೆ ಕೇಳ್ದೆ ಇಂಗೆ ಗಂಟು ಕಟ್ಟಿದ್ರೆ ಎಂಗ್ಲಾ?"

"ಇಲ್ಲ ತಾತ, ಲಡಾಖ್‌ಗೆ ಹೋಗ್ತಾ ಇದೀವಿ."

"ಅಲ್ಲಿ ಬಾಡಿಗೆ ಕಮ್ಮಿನಾ?"

ಪೆಟ್ಟಿಗೆಯ ಆಲೋಚನೆ ನನ್ನದೇ. ಜನ ಬೈಕಿನ ಹಿಂದೆ ಬಟ್ಟೆಯ ಬ್ಯಾಗು ಕಟ್ಟಿಕೊಂಡು ಹೋಗುತ್ತಾರೆ. ನಾವು ಪೀಣ್ಯದವರು, ನಮಗೆ ಬಟ್ಟೆಯ ಮೇಲೆ ನಂಬಿಕೆಯಿಲ್ಲ. ಪರಿಚಯದ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ದಪ್ಪ ಶೀಟಿನಿಂದ ಒಂದು ಪೆಟ್ಟಿಗೆ ಮಾಡಿಸಿದೆ. ಲಾರಿ ಹತ್ತಿದರೂ ಬಗ್ಗದ ಪೆಟ್ಟಿಗೆ. ಅದರಲ್ಲಿ ಏನೂ ತುಂಬುವ ಮೊದಲೇ ಎತ್ತಲು ಇಬ್ಬರು ಬೇಕಾಯಿತು. ತುಂಬಿ ಬೈಕಿನ ಮೇಲೆ ಕೂರಿಸಿದಾಗ ಮುಂದಿನ ಚಕ್ರ ಮೆಲ್ಲಗೆ ನೆಲ ಬಿಡಲು ನೋಡಿತು.

ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಮೇಲೆ ನಾನು ಜೋಪಾನವಾಗಿ ಇಟ್ಟದ್ದು ಒಂದು ಜೊತೆ ಗ್ಲೌಸು. ಬ್ಯಾಟರಿ ಹಾಕಿದರೆ ಒಳಗೆ ಬಿಸಿಯಾಗುವ ಗ್ಲೌಸು. ಅದನ್ನು ತರಿಸಿದ ದಿನ ನಾನು ಡಾಕ್ಟರಿಗಿಂತ ದೊಡ್ಡವನಾಗಿದ್ದೆ. ಕೈ ಬೆಚ್ಚಗಿದ್ದರೆ ಬೆರಳು ಕೆಂಪಗಿರುತ್ತದೆ, ಬೆರಳು ಕೆಂಪಗಿದ್ದರೆ ಕ್ಲಚ್ಚು ಹಿಡಿಯುತ್ತದೆ, ಕ್ಲಚ್ಚು ಹಿಡಿದರೆ ಲಡಾಖು. ಇಷ್ಟು ಸರಳ ಲೆಕ್ಕ ಇಡೀ ಊರಿನಲ್ಲಿ ನನ್ನೊಬ್ಬನಿಗೇ ಹೊಳೆದಿತ್ತು.

ಆಯುಧಪೂಜೆ ಬಂತೆಂದರೆ ಪೀಣ್ಯದಲ್ಲಿ ಕಬ್ಬಿಣದ್ದೆಂದು ಕಂಡದ್ದಕ್ಕೆಲ್ಲ ಬಣ್ಣ ಬಳಿಯುತ್ತಾರೆ. ಲೇಥಿಗೆ, ಡ್ರಿಲ್ಲಿಗೆ, ಗೇಟಿಗೆ, ಸುಮ್ಮನೆ ನಿಂತರೆ ನಮಗೂ. ಹಬ್ಬದ ಹಿಂದಿನ ದಿನ ಅಣ್ಣ ಫೌಂಡ್ರಿಯ ಪೂಜೆ ಮುಗಿಸಿ ಬಂದ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಕಡ್ಲೆಪುರಿ, ಸ್ವೀಟ್ ಬಾಕ್ಸು. ತನ್ನ ಬೆರಳು ತಿಂದ ಗ್ರೈಂಡರನ್ನು ತೊಳೆದು, ಬಣ್ಣ ಬಳಿದು, ಹೂ ಮುಡಿಸಿ, ಕೈಮುಗಿದು ಬಂದಿದ್ದ. ಅವನು ಬರುವಷ್ಟರಲ್ಲಿ ನಾನೂ ಪೆಟ್ಟಿಗೆಗೆ ಮಿಷನ್ನಿನ ಹಸಿರು ಬಣ್ಣ ಬಳಿದಿದ್ದೆ. ಹೊರಗೆ ಬಳಿದೆ. ತುಕ್ಕು ಹಿಡಿಯದಿರಲಿ ಎಂದು ಅಂಚಿಗೆ, ಕೀಲಿಗೆ, ಮುಚ್ಚಳದ ಸುತ್ತಲಿನ ಸಂದಿಗೆಲ್ಲ ಎರಡೆರಡು ಕೋಟು ಬಳಿದೆ. ಮಳೆ ಬರುವ ಹಾಗಿತ್ತು. ಹಸಿ ಇರುವಾಗಲೇ ಮುಚ್ಚಳ ಹಾಕಿ, ಬೆಲ್ಟು ಬಿಗಿದು ಕಟ್ಟಿದೆ.

ಬೆಳಗ್ಗೆ ನೋಡಿದರೆ ಮುಚ್ಚಳ ಮತ್ತು ಪೆಟ್ಟಿಗೆ ಒಂದಾಗಿದ್ದವು. ಅಂಟು ಹಾಕಿದ್ದರೂ ಅಷ್ಟು ಚೆನ್ನಾಗಿ ಹಿಡಿಯುತ್ತಿರಲಿಲ್ಲ. ಮೀಟಲು ಸ್ಕ್ರೂಡ್ರೈವರ್ ಬೇಕಿತ್ತು. ಸ್ಕ್ರೂಡ್ರೈವರ್ ಒಳಗಿತ್ತು. ಸುತ್ತಿಗೆ ಒಳಗಿತ್ತು. ಪ್ರಪಂಚದ ಯಾವ ಮೂಲೆಯಲ್ಲಿ ಏನು ಕೆಟ್ಟರೂ ಸರಿ ಮಾಡುವ ಸಾಮಾನೆಲ್ಲ ಒಳಗಿತ್ತು, ನಾನು ಮಾತ್ರ ಹೊರಗಿದ್ದೆ.

ಕ್ರಾಸಿನ ತುದಿಯ ಮೆಕ್ಯಾನಿಕ್ ಹತ್ತಿರ ಓಡಿದೆ. ಅವನು ಬೆಳಗ್ಗೆಯೇ ಪೂಜೆ ಮುಗಿಸಿದ್ದ. ಸ್ಪ್ಯಾನರ್‌ಗಳು ಸಾಲಾಗಿ ಅರಿಶಿನ ಕುಂಕುಮ ಹಚ್ಚಿಕೊಂಡು, ತಲೆಯ ಮೇಲೆ ಸೇವಂತಿಗೆ ಇಟ್ಟುಕೊಂಡು ಮಲಗಿದ್ದವು.

"ಗುರು, ಒಂದ್ ಸ್ಕ್ರೂಡ್ರೈವರ್. ಎರಡೇ ನಿಮಿಷ."

"ಪೂಜೆಗೆ ಇಟ್ಟಿದೀನಿ ಮಗಾ. ಇವತ್ತು ಮುಟ್ಟಂಗಿಲ್ಲ. ನಾಳೆ ಬಾ, ಬಾಕ್ಸೇ ಬಿಚ್ಚಿ ಕೊಡ್ತೀನಿ."

"ನಾವ್ ಇವತ್ತೇ ಹೊರಡ್ಬೇಕು."

"ಆಯುಧಪೂಜೆ ದಿನ ಆಯುಧ ಕೇಳೋನು ಇಡೀ ದಾಸರಹಳ್ಳಿಗೆ ನೀನೊಬ್ನೇ ಕಣೋ. ಕಡ್ಲೆಪುರಿ ತಗೊ."

ಅವನ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲೂ ಇದೇ ಉತ್ತರ, ಎಲೆಕ್ಟ್ರಿಷಿಯನ್ನಿನದೂ ಇದೇ. ಎಲ್ಲರೂ ಕಡ್ಲೆಪುರಿ ಕೊಟ್ಟರು. ಎರಡು ಜೇಬಿನ ತುಂಬ ಕಡ್ಲೆಪುರಿಯೊಂದಿಗೆ, ಸ್ಕ್ರೂಡ್ರೈವರಿಲ್ಲದೆ ವಾಪಸ್ ಬಂದೆ.

ಮನೆ ಮುಂದೆ ಬೈಕು ಸಿದ್ಧವಾಗಿತ್ತು. ಹೂವಿನ ಹಾರ, ಬಾಳೆಕಂದು, ಹಿಂದೆ ಹಸಿರು ಪೆಟ್ಟಿಗೆ, ಅದರ ಮೇಲೆ ಡೇರೆ. ಜಿನುಗು ಮಳೆ, ತಣ್ಣನೆಯ ಗಾಳಿ. ಅಣ್ಣ ಹೊಸ ಜಾಕೆಟ್ ಹಾಕಿಕೊಂಡು ನಿಂತಿದ್ದ. ಅವನ ಕೈ ನೋಡಿದೆ. ಬೆರಳುಗಳು ಬುಡದವರೆಗೆ ಬೆಳ್ಳಗಾಗಿದ್ದವು.

"ಅಣ್ಣ, ಗ್ಲೌಸ್ ಬಾಕ್ಸ್ ಒಳಗಿದೆ. ಬಾಕ್ಸ್ ತೆಗೆಯಕ್ಕಾಗ್ತಿಲ್ಲ. ನಾಳೆ ಹೋಗೋಣ, ಬಿಸಿಲು ಬರ್ಲಿ."

"ನಿಂಬೆಹಣ್ಣಿಗೆ ಗ್ಲೌಸ್ ಯಾಕೋ? ಹತ್ತು, ಹತ್ತು."

ಓನರ್ ತಾತ ಬೂದುಗುಂಬಳ ಒಡೆದು ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟರು. ಅಣ್ಣ ಕಿಕ್ ಹೊಡೆದ. ಬೈಕು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ಪೆಟ್ಟಿಗೆಗೂ ಅವನಿಗೂ ನಡುವೆ ಉಪ್ಪಿನಕಾಯಿ ಹೋಳಿನಂತೆ ತುರುಕಿಕೊಂಡು ಕುಳಿತೆ. ಅವನು ಕ್ಲಚ್ ಹಿಡಿದು ಗೇರ್ ಹಾಕಿದ. ಅಷ್ಟರಲ್ಲಿ ಕ್ಲಚ್ ಅವನ ಬೆರಳಿನಿಂದ ತಾನಾಗಿ ಜಾರಿತು. ಬೈಕು ಒಮ್ಮೆ ಎಗರಿ, ಆಫ್ ಆಗಿ, ಎಡಕ್ಕೆ ಮಗುಚಿಕೊಂಡಿತು. ಡೇರೆ ನನ್ನ ಮೇಲೆ, ನಾನು ಬಾಳೆಕಂದಿನ ಮೇಲೆ. ಮುಂದಿನ ನಿಂಬೆಹಣ್ಣು ಏನೂ ಆಗದೆ ಉರುಳಿ ಚರಂಡಿಯ ಅಂಚಿಗೆ ನಿಂತಿತು.

"ಯಾರ್ ಕಣ್ಣು ಬಿತ್ತೋ," ಎಂದು ತಾತ ಅದನ್ನು ಎತ್ತಿ ತಂದು, ಪಂಚೆಗೆ ಒರೆಸಿ, ನಾವು ಬೈಕು ಎತ್ತಿ ನಿಲ್ಲಿಸಿದ ಮೇಲೆ ಮತ್ತೆ ಚಕ್ರದ ಕೆಳಗೆ ಇಟ್ಟರು.

ಎರಡನೇ ಸಲ ನಾನು ಹತ್ತಲಿಲ್ಲ, ಪಕ್ಕದಲ್ಲಿ ನಿಂತು ನೋಡಿದೆ. ಅಣ್ಣ ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಎತ್ತಿ ಕ್ಲಚ್ಚಿನ ಮೇಲೆ ಇಟ್ಟ. ಅಮ್ಮಂದಿರು ಎಳೆ ಕೂಸಿನ ಕೈಗೆ ಗಿಲಕಿ ಹಿಡಿಸುತ್ತಾರಲ್ಲ, ಹಾಗೆ. ಆಮೇಲೆ ತಲೆ ಬಗ್ಗಿಸಿ ಕೈಯನ್ನೇ ದಿಟ್ಟಿಸಿದ. ಕ್ಲಚ್ ಹಿಡಿದಿದ್ದಾನೋ ಇಲ್ಲವೋ ಎನ್ನುವುದನ್ನು ಅವನು ಕಣ್ಣಿನಿಂದ ನೋಡಿ ತಿಳಿದುಕೊಳ್ಳುತ್ತಿದ್ದ. ಕಣ್ಣು ಕೈ ಮೇಲಿದ್ದರೆ ರೋಡು ನೋಡುವವರು ಯಾರು? ಬೈಕು ಮತ್ತೆ ಎಗರಿ ಆಫ್ ಆಯಿತು. ಈ ಸಲ ನಾನು ಹಿಡಿದುಕೊಂಡೆ, ಬೀಳಲಿಲ್ಲ.

ಮೂರನೇ ಸಲ ಅವನು ಕಿಕ್ಕಿಗೆ ಕಾಲೇ ಇಡಲಿಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಂಡು ಕೆಳಗಿಳಿದ.

ತಾತ ಬಗ್ಗಿ, ಕದಲಿದ್ದ ಎರಡೂ ನಿಂಬೆಹಣ್ಣನ್ನು ಮತ್ತೆ ಚಕ್ರದ ಮುಂದೆ ಸರಿ ಮಾಡಿದರು. ಆಮೇಲೆ ಮೆಲ್ಲಗೆ, "ತಳ್ಕಂಡು ಅತ್ಸಿ ಬುಡ್ರಲಾ. ದ್ಯಾವ್ರೇನು ಗೇರ್ ಆಕಿದ್ರಾ ಅಂತ ಕೇಳಾಕಿಲ್ಲ," ಎಂದರು.

ಅಣ್ಣ ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ಪೆಟ್ಟಿಗೆಗೆ ಭುಜ ಕೊಟ್ಟು ತಳ್ಳಿದೆ. ಎರಡು ನಿಂಬೆಹಣ್ಣೂ ಪಚಕ್ಕೆಂದವು. ತಾತ ಮಂಗಳಾರತಿ ಮುಗಿಸಿ ಒಳಗೆ ಹೋದರು. ನಾವು ಮೆಟ್ಟಿಲ ಮೇಲೆ ಕೂತು ನನ್ನ ಜೇಬಿನ ಕಡ್ಲೆಪುರಿ ತಿಂದೆವು.

"ನನ್ನಿಂದ ಆಗಿದ್ದು ಕಣಣ್ಣ," ಎಂದೆ. "ಬಣ್ಣ ಬಳೀದೆ ಇದ್ದಿದ್ರೆ ಬಾಕ್ಸ್ ತೆಗೀತಿತ್ತು. ಗ್ಲೌಸ್ ಇದ್ದಿದ್ರೆ ಕೈ ಬಿಸಿ ಇರ್ತಿತ್ತು. ನಾಳೆ ಸ್ಕ್ರೂಡ್ರೈವರ್ ತಗೊಂಬಂದು—"

"ಆ ಗ್ಲೌಸ್ ಹಾಕ್ಕೊಂಡ್ ನೋಡಿದೀನಿ ಕಣೋ."

"ಯಾವಾಗ?"

"ನೀನ್ ತಂದಿದ್ ಮಾರನೇ ದಿನಾನೇ. ನೀನ್ ಡ್ಯೂಟಿಗೆ ಹೋಗಿದ್ದೆ."

"ಬಿಸಿ ಆಗ್ಲಿಲ್ವಾ?"

"ಬಿಸಿ ಆಯ್ತು. ಕೆನ್ನೆಗೆ ಇಟ್ಕೊಂಡ್ ನೋಡ್ದೆ, ಚೆನ್ನಾಗೇ ಬಿಸಿ ಆಗತ್ತೆ." ಕಡ್ಲೆಪುರಿ ಎತ್ತಲು ಹೋದ, ಅರ್ಧದಷ್ಟು ಬೆರಳ ಸಂದಿಯಿಂದ ಉದುರಿತು. "ಬೆರಳಿಗೆ ಗೊತ್ತೇ ಆಗ್ಲಿಲ್ಲ."

"ಮತ್ತೆ ಇಷ್ಟ್ ದಿನ ಯಾಕ್ ಸುಮ್ನಿದ್ದೆ?"

"ನೀನು ಪ್ಯಾಕಿಂಗ್ ಮಾಡ್ತಿದ್ಯಲ್ಲೋ. ನೋಡಕ್ ಚೆನ್ನಾಗಿತ್ತು."

ನಾನು ಉದುರಿದ ಕಡ್ಲೆಪುರಿಯನ್ನು ಆರಿಸಿ ಅವನ ಅಂಗೈಗೆ ಹಾಕಿದೆ.

ಮರುದಿನ ಮೆಕ್ಯಾನಿಕ್ ತಾನೇ ಸ್ಕ್ರೂಡ್ರೈವರ್ ಹಿಡಿದು ಬಂದ. ಅಣ್ಣ ಬೇಡ ಎಂದ. ಮೆಕ್ಯಾನಿಕ್ಕೂ ನಾನೂ ಸೇರಿ ಟೆರೇಸಿಗೆ ಹೊತ್ತ ಪೆಟ್ಟಿಗೆ ಈಗಲೂ ಅಲ್ಲೇ ಇದೆ, ಯಾರೂ ತೆಗೆದಿಲ್ಲ. ತಾತ ಅದರ ಮೇಲೆ ಕೂತು ಬಿಸಿಲು ಕಾಯುತ್ತಾರೆ, "ಒಳ್ಳೆ ಗಟ್ಟಿಯಾಗೈತೆ," ಎನ್ನುತ್ತಾರೆ. ರಜೆ ಮುಗಿದ ದಿನ ಅಣ್ಣ ಫೌಂಡ್ರಿಗೆ ಹೋಗಿ ಅದೇ ಗ್ರೈಂಡರ್ ಹಿಡಿದ. ಬೇರೆ ಕೆಲಸ ಕೇಳಿ ನೋಡಿದ್ದೆವು. ವಾಚ್‌ಮನ್ ಕೆಲಸಕ್ಕೆ ವಯಸ್ಸು ಸಾಲದು ಎಂದರು, ಪ್ಯಾಕಿಂಗಿಗೆ ಬೆರಳು ಚುರುಕಿರಬೇಕು ಎಂದರು.

ಈಗ ದಿನಾ ಬೆಳಗ್ಗೆ ನನ್ನ ಸ್ಕೂಟರಿನಲ್ಲಿ ಅವನನ್ನು ನಾನೇ ಬಿಡುತ್ತೇನೆ. ಸ್ಕೂಟರಿಗೆ ಕ್ಲಚ್ ಇಲ್ಲ. ನಮ್ಮ ಕ್ರಾಸಿನಿಂದ ಪೀಣ್ಯಕ್ಕೆ ನೇರವಾಗಿ ಬಲಕ್ಕೆ ತಿರುಗಲು ಆಗುವುದಿಲ್ಲ, ನಡುವೆ ಡಿವೈಡರ್ ಇದೆ. ಮೊದಲು ಎಡಕ್ಕೇ ತಿರುಗಬೇಕು. ಮೆಟ್ರೋ ಕಂಬಗಳ ಪಕ್ಕದಲ್ಲಿ, ಪುಣೆ ಕಡೆಯ ಲಾರಿಗಳ ಹಿಂದೆ, ಸ್ವಲ್ಪ ದೂರ ನಾವು ಲಡಾಖಿನ ದಿಕ್ಕಿನಲ್ಲೇ ಹೋಗುತ್ತೇವೆ. ಆಮೇಲೆ ಯು-ಟರ್ನ್ ಬರುತ್ತದೆ. ಅಣ್ಣ ಹಿಂದಿನಿಂದ ಮೊಣಕೈಯಲ್ಲಿ ನನ್ನ ಬೆನ್ನು ತಿವಿಯುತ್ತಾನೆ.

"ಇಂಡಿಕೇಟರ್ ಹಾಕೋ."