ಬಾಜೂಕ ಸರೀರಿ

ಬೈಲಹೊಂಗಲ ತಾಲೂಕಿನ ಹಿರಿಯರ ಮುಖಗಳಿಗಿಂತ ಅವರ ಬೆನ್ನುಗಳ ಪರಿಚಯವೇ ನನಗೆ ಹೆಚ್ಚು. ತೊಂಬತ್ತರ ದಶಕದಲ್ಲಿ ನಾನು ಮದುವೆಗಳ ವಿಡಿಯೊ ತೆಗೆಯುತ್ತಿದ್ದೆ. ಅಕ್ಷತೆಯ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬ ಗೌಡರು ವಧೂವರರಿಗೂ ನನ್ನ ಕ್ಯಾಮೆರಾಕ್ಕೂ ನಡುವೆ ಬಂದು ನಿಲ್ಲುತ್ತಿದ್ದರು. ಪಕ್ಕಕ್ಕೆ ಸರಿಯಿರಿ ಎನ್ನಲು ನನಗೆ ಬಾಯೇ ಬರುತ್ತಿರಲಿಲ್ಲ. ಹೀಗಾಗಿ ನನ್ನ ಕ್ಯಾಸೆಟ್ಟುಗಳಲ್ಲಿ ತಾಳಿಗಿಂತ ಗೌಡರ ತಲೆಯ ರುಮಾಲು ಚೆನ್ನಾಗಿ ಕಾಣುತ್ತದೆ.

ಈ ಕಸುಬಿಗೆ ಬೇಕಾದ ಗುಣಗಳು ಬಹಳಷ್ಟು ನನ್ನಲ್ಲಿದ್ದವು ಎಂದು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಕೈ ನಡುಗುತ್ತಿರಲಿಲ್ಲ. ಹುಗ್ಗಿಯ ವಾಸನೆ ಮೂಗಿಗೆ ಬಡಿದರೂ ಹಸಿವು ತಡೆಯುತ್ತಿದ್ದೆ. ಆದರೆ ಎಲ್ಲಕ್ಕಿಂತ ಬೇಕಾದದ್ದು ಒಂದಿಷ್ಟು ಭಂಡತನ. ಹಳೆಯ ಶಾಸ್ತ್ರಕಾರರು ನಟನಿಗೂ ಪ್ರೇಕ್ಷಕನಿಗೂ ಲಕ್ಷಣ ಹೇಳಿದ್ದಾರಂತೆ. ನಡುವೆ ಬಂದು ನಿಲ್ಲುವ ಹಿರಿಯರನ್ನು ಏನು ಮಾಡಬೇಕೆಂದು ಬರೆದ ಹಾಗಿಲ್ಲ. ಬಹುಶಃ ಅವರಿಗೂ ನನ್ನಂಥದೇ ಸಂಕೋಚ.

ಆ ಭಂಡತನವೆಲ್ಲ ಬಸವರಾಜನಿಗೆ ಬಂದಿತ್ತು. ಅವನು ನನ್ನ ಪಾಲುದಾರ, ಲೈಟು ಹಿಡಿಯುವವನು. ಕಿತ್ತೂರು ಕಡೆಯ ಒಂದು ಮದುವೆಯಲ್ಲಿ ಮಠದ ಸ್ವಾಮಿಗಳಿಗೇ "ಅಜ್ಜಾರ, ಒಂದೀಟು ಬಾಜೂಕ ಸರೀರಿ" ಅಂದುಬಿಟ್ಟ. ನಾನು ನೆಲ ನೋಡಿದೆ. ಅಜ್ಜಾರು ನಗುತ್ತಾ ಸರಿದರು. ಮುಂದೆ ಅವನು ಹುಬ್ಬಳ್ಳಿಗೆ ಹೋಗಿ ಟಿವಿ ವಾಹಿನಿಯೊಂದರಲ್ಲಿ ಕ್ಯಾಮೆರಾಮನ್ ಆದ. ಮಂತ್ರಿಗಳನ್ನೂ ಹೀಗೇ ಸರಿಸುತ್ತಾನಂತೆ. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ನೀವು ನಂಬುವುದಿಲ್ಲ, ಅದಕ್ಕೇ ಹೇಳುವುದಿಲ್ಲ.

ಆದರೆ ನನ್ನನ್ನು ಕೊರೆಯುವುದು ಹುಬ್ಬಳ್ಳಿಯಲ್ಲ. ಅವನಿನ್ನೂ ನನ್ನ ಜೊತೆ ಲೈಟು ಹಿಡಿಯುತ್ತಿದ್ದಾಗ ನೇಸರಗಿಯ ನಮ್ಮ ಮನೆಯಂಗಳದಲ್ಲಿ ತಂಗಿಯ ಮದುವೆ ನಡೆದಿತ್ತು. ಅಪ್ಪ ತೀರಿಕೊಂಡಿದ್ದ. ಗಂಡನಿಲ್ಲದವಳು ಹಂದರದ ಮುಂದೆ ಬರಬಾರದೆಂದು ಅವ್ವ ತಾನಾಗಿಯೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮುಷ್ಟಿಯಲ್ಲಿ ಅಕ್ಷತೆಯ ಅಕ್ಕಿಕಾಳು ಹಿಡಿದುಕೊಂಡು. ಅಷ್ಟು ದೂರದಿಂದ ಎಸೆದರೆ ಮಗಳ ತನಕ ಹೋಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ನಾನು ಕ್ಯಾಮೆರಾ ಅತ್ತ ತಿರುಗಿಸಿದೆ. ಅವ್ವ ಅಂಗೈ ಅಡ್ಡ ಹಿಡಿದಳು.

"ನಂದೇನ ತಗೀತಿಯೋ. ಆ ಕಡಿ ಹಿಡಿ, ಅಕ್ಕಿಕಾಳ ಬೀಳಾಕ ಹತ್ಯಾವ."

ಬಸವರಾಜ ಲೈಟು ಅಲ್ಲಾಡಿಸಲಿಲ್ಲ. "ತಿರಗಸಬ್ಯಾಡ. ಕೈ ತಗೀತಾರ, ತಡಿ" ಎಂದು ನನ್ನ ಕಿವಿಯಲ್ಲಿ ಹೇಳಿದ. ನಾನು ಅವ್ವನ ಮಾತು ಕೇಳಿ ಹಂದರದ ಕಡೆ ತಿರುಗಿದೆ.

ಅವ್ವ ತೀರಿಕೊಂಡ ಮೇಲೆ ತಂಗಿ ಸುರೇಬಾನದಿಂದ ಬಂದಳು. ಮದುವೆಯ ಕ್ಯಾಸೆಟ್ಟನ್ನು ಸಿಡಿ ಮಾಡಿಸಿಟ್ಟಿದ್ದೆ, ಇಬ್ಬರೂ ಕೂತು ಹಚ್ಚಿದೆವು. ಗೌಡರ ಬೆನ್ನು ಬಂತು. ಉಂಡು ಕೈ ತೊಳೆದವರು, ಯಾರೆಂದು ಇಬ್ಬರಿಗೂ ಗೊತ್ತಿಲ್ಲದವರು, ಎಲ್ಲರೂ ಬಂದುಹೋದರು. ನಡುವೆ ಒಂದು ಕ್ಷಣ ಅವ್ವನ ಅಂಗೈ. ಅದಕ್ಕೆ ನಾಲ್ಕಾರು ಅಕ್ಕಿಕಾಳು ಅಂಟಿದ್ದವು. ಮುಖ ಅದರ ಹಿಂದೆಯೇ ಉಳಿಯಿತು. ತಂಗಿ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು.

"ಮಾರಿ ಇಲ್ಲಂದ್ರೂ ಕೈಯರ ಐತಲ್ಲ. ಇರ್ಲಿ ಬಿಡಣ್ಣಾ."

ನೇಸರಗಿಯಲ್ಲಿ ಇವತ್ತಿಗೂ ನನ್ನನ್ನು ಅವ್ವನ ಮಾತು ಮೀರದ ಮಗ ಅಂತಾರೆ. ಮೀರಬೇಕಾಗಿತ್ತು, ಒಂದೇ ಒಂದು ಸಲ.